ಠಾಣೆಯ ಗಡಿಯಾರ

ಹೋದ ವರ್ಷ ಮಳೆಗಾಲದ ಒಂದು ಸಂಜೆ ಪೊಲೀಸ್ ಠಾಣೆಯೊಂದರ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆ. ಗಾಡಿಯ ಆರ್‌ಸಿ ಕಳೆದುಹೋಗಿತ್ತು, ಅದಕ್ಕೊಂದು ಸ್ವೀಕೃತಿ ಬೇಕಿತ್ತು, ಅಷ್ಟೆ. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ನಿವೃತ್ತ ಮೇಷ್ಟ್ರೊಬ್ಬರು ಪಾಸ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ಎರಡು ಸಲ ಎದ್ದು ಮೇಜಿನ ಹತ್ತಿರ ಹೋದರು. ಎರಡು ಸಲವೂ ರೈಟರ್ ಮರ್ಯಾದೆಯಿಂದಲೇ, "ಸ್ವಲ್ಪ ಕೂತ್ಕೊಳ್ಳಿ ಯಜಮಾನ್ರೇ, ಇದೊಂದು ಮುಗಿಸಿಬಿಡ್ತೀವಿ" ಅಂದರು.

ಇದೊಂದು ಅಂದರೆ ನಾಲ್ವರು ಹುಡುಗರು. ಬಡಾವಣೆಯ ಹಿಂದಿನ ಖಾಲಿ ಸೈಟಿನಲ್ಲಿ ಬಿಯರ್ ಕುಡಿಯುತ್ತಿದ್ದವರನ್ನು ಜೀಪಿನಲ್ಲಿ ಕರೆತಂದಿದ್ದರು. ಪಿಯುಸಿ ಓದುವ ವಯಸ್ಸು. ಒಬ್ಬನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ, ಇನ್ನೊಬ್ಬ ಅಳು ತಡೆಯಲಾಗದೆ ಅಂಗಿಯ ತುದಿಯನ್ನು ಹಿಂಡುತ್ತಿದ್ದ. ಹೆಸರು, ಕಾಲೇಜು, ಅಪ್ಪನ ನಂಬರು. ಒಬ್ಬೊಬ್ಬರ ಮನೆಗೂ ಫೋನು. ಒಬ್ಬನ ತಂದೆ ಊರಲ್ಲಿಲ್ಲ, ಚಿಕ್ಕಪ್ಪನಿಗೆ ಹೇಳಬೇಕು. ಇಬ್ಬರು ಕಾನ್‌ಸ್ಟೆಬಲ್, ಒಬ್ಬ ಹೆಡ್ ಕಾನ್‌ಸ್ಟೆಬಲ್, ರೈಟರ್: ನಾಲ್ವರು ಹುಡುಗರಿಗೆ ನಾಲ್ವರು ಪೊಲೀಸರು. ಉಳಿದವರು ಎಲ್ಲೋ ಬಂದೋಬಸ್ತಿಗೆ ಹೋಗಿದ್ದರು.

ಮುಕ್ಕಾಲು ಗಂಟೆ ಕಳೆದ ಮೇಲೆ ಮೇಷ್ಟ್ರನ್ನು ಮಾತಿಗೆಳೆದೆ. ಬ್ಯಾಂಕಿನವನು ಅಂತ ಹೇಳಿಕೊಂಡು ಯಾರೋ ಫೋನ್ ಮಾಡಿ, ಖಾತೆ ಬಂದ್ ಆಗುತ್ತದೆ ಎಂದು ಹೆದರಿಸಿ, ಒಟಿಪಿ ಹೇಳಿಸಿಕೊಂಡಿದ್ದ. ಪಿಂಚಣಿ ಬಾಕಿ ಬಂದಿದ್ದ ಹಣವೆಲ್ಲ ಹೋಗಿತ್ತು. ಮನೆಯಲ್ಲಿ ಹೆಂಡತಿಗೆ ಇನ್ನೂ ಹೇಳಿರಲಿಲ್ಲ. 1930 ಎಂಬ ಸಹಾಯವಾಣಿ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಕಷ್ಟ ಬಂದರೆ ಠಾಣೆಗೆ ಹೋಗಬೇಕು ಎಂಬುದಷ್ಟೇ ಅವರಿಗೆ ಗೊತ್ತಿದ್ದ ಮಾತು. ಅಲ್ಲೇ ಕೂತು ನನ್ನ ಫೋನಿನಿಂದಲೇ ದೂರು ಕೊಡಿಸಿದೆ. ಈ ಬಗೆಯ ಮೋಸದಲ್ಲಿ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹಾರಿ, ಕೊನೆಗೆ ಯಾವುದೋ ಊರಿನ ಎಟಿಎಮ್ಮಿನಲ್ಲಿ ನೋಟಾಗಿಬಿಡುತ್ತದೆ. ಬೇಗ ತಿಳಿಸಿದರೆ ಬ್ಯಾಂಕುಗಳು ಅದನ್ನು ನಡುದಾರಿಯಲ್ಲೇ ತಡೆಹಿಡಿಯಬಲ್ಲವು, ತಡವಾದರೆ ಏನೂ ಮಾಡಲಾರವು. ಮೇಷ್ಟ್ರು ಗಡಿಯಾರ ನೋಡುತ್ತ ಕೂತಿದ್ದ ಹೊತ್ತಿಗೆ ಆ ಬೆಲೆ ಇತ್ತು.

ಆ ಠಾಣೆಯಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎಲ್ಲರೂ ಬೆವರು ಹರಿಸಿ ಕೆಲಸ ಮಾಡುತ್ತಿದ್ದರು. ರೈಟರ್‌ಗೆ ಸಂಜೆಯ ಚಹಾ ಕುಡಿಯಲೂ ಆಗಿರಲಿಲ್ಲ. ಅದಕ್ಕೇ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಪೊಲೀಸರು ಕೆಲಸ ಮಾಡುವುದಿಲ್ಲ ಎಂಬ ದೂರು ಹಳೆಯದು. ಇರುವ ನಾಲ್ಕು ಕೈಗಳನ್ನು ಮೊದಲು ಯಾವುದಕ್ಕೆ ಹಚ್ಚಬೇಕು, ಅದನ್ನು ನಿರ್ಧರಿಸುವವರು ಯಾರು, ಯಾವ ಅಳತೆಯಲ್ಲಿ ಎಂಬುದನ್ನು ಮಾತ್ರ ನಾವು ಕೇಳುವುದೇ ಇಲ್ಲ.

ಹುಡುಗರ ವಿಷಯವನ್ನೇ ಮೊದಲು ನೋಡೋಣ. ಕರ್ನಾಟಕದ ಅಬಕಾರಿ ಕಾಯ್ದೆ 1965ರದ್ದು. ಅದರ 36ನೇ ಕಲಮು 18 ವರ್ಷದೊಳಗಿನವರಿಗೆ ಮದ್ಯ ಮಾರಬಾರದು ಎನ್ನುತ್ತದೆ. ಸನ್ನದುದಾರರಿಗೆ ಷರತ್ತು ವಿಧಿಸುವ 1967ರ ನಿಯಮ ಮಾತ್ರ 21 ಎನ್ನುತ್ತದೆ. ಒಂದೇ ರಾಜ್ಯ, ಒಂದೇ ಇಲಾಖೆ, ಎರಡು ವಯಸ್ಸು. ಈ ಗೊಂದಲ ನಿವಾರಿಸುತ್ತೇವೆ ಎಂದು 2023ರ ಜನವರಿಯಲ್ಲಿ ಸರ್ಕಾರ 21ನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿತು. ತಾಯಂದಿರು, ವೈದ್ಯರು, ಸಂಘಟನೆಗಳು ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು.

ವಯಸ್ಸು ಎಷ್ಟೇ ಇರಲಿ, ಈ ಎರಡೂ ಕಡೆ ಕಾನೂನು ಬೆರಳು ತೋರಿಸುತ್ತಿರುವುದು ಮಾರುವವನ ಕಡೆಗೆ. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಖಡಾಖಂಡಿತವಾಗಿದೆ. ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ ಅಥವಾ ಮಾದಕ ವಸ್ತು ಕೊಟ್ಟವರಿಗೆ ಅದರ 77ನೇ ಕಲಮಿನಡಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ. ಆ ಕಾಯ್ದೆಯ ಲೆಕ್ಕದಲ್ಲಿ ಮಗು ಅಂದರೆ 18 ತುಂಬದವರೆಲ್ಲ. ಹುಡುಗನೊಬ್ಬ ತಾನೇ ಸಣ್ಣ ತಪ್ಪು ಮಾಡಿ ಸಿಕ್ಕಿಬಿದ್ದರೆ ಏನು ಮಾಡಬೇಕು ಎಂಬುದನ್ನೂ 2016ರ ನಿಯಮಗಳು ಹೇಳಿವೆ: ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು ಮಗುವಿನ ಮನೆಯ ಸ್ಥಿತಿಗತಿಯ ವರದಿ ತಯಾರಿಸಬೇಕು. ಲಾಕಪ್ಪಿಗೆ ಹಾಕುವ ಹಾಗೇ ಇಲ್ಲ.

ಅಂದರೆ ಆ ಖಾಲಿ ಸೈಟಿನ ಪ್ರಸಂಗದಲ್ಲಿ ಎರಡು ಘಟನೆಗಳಿದ್ದವು. ಒಂದು, ನಾಲ್ವರು ಹುಡುಗರು ಬಿಯರ್ ಕುಡಿದದ್ದು. ಬುದ್ಧಿ ಹೇಳಿ ಮನೆಗೆ ಮುಟ್ಟಿಸಬೇಕಾದದ್ದು. ಇನ್ನೊಂದು, ಯಾರೋ ಒಬ್ಬ ದೊಡ್ಡವನು ದುಡ್ಡು ಎಣಿಸಿಕೊಂಡು ಅವರ ಕೈಗೆ ಬಾಟಲಿ ಕೊಟ್ಟದ್ದು; 7 ವರ್ಷದವರೆಗೆ ಸಜೆಯಾಗಬಹುದಾದದ್ದು. ಸಣ್ಣದನ್ನು ಜೀಪಿನಲ್ಲಿ ಹೇರಿಕೊಂಡು ಬಂದರು, ದೊಡ್ಡದು ಅಂಗಡಿಯ ಗಲ್ಲಾದ ಹಿಂದೆಯೇ ಉಳಿಯಿತು.

ಸಣ್ಣದು, ದೊಡ್ಡದು ಎಂದು ಅಪರಾಧಗಳನ್ನು ತೂಗುವುದೇ ತಪ್ಪು, ಕಾನೂನಿನ ಮುಂದೆ ಎಲ್ಲ ಒಂದೇ ಎನ್ನುವವರಿದ್ದಾರೆ. ಆ ಮಾತಿನ ಹಿಂದಿನ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ನಮ್ಮ ಕಾನೂನೇ ಹಾಗೆ ಹೇಳುವುದಿಲ್ಲ. ಪೊಲೀಸರು ತಾವೇ ತನಿಖೆಗಿಳಿಯಬಹುದಾದ ಅಪರಾಧಗಳು ಬೇರೆ, ನ್ಯಾಯಾಧೀಶರ ಅಪ್ಪಣೆ ಇಲ್ಲದೆ ತನಿಖೆ ಮಾಡಲಾಗದ ಎನ್‌ಸಿ ಪ್ರಕರಣಗಳು ಬೇರೆ ಎಂಬ ವಿಂಗಡಣೆ ಬ್ರಿಟಿಷರ ಕಾಲದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇನ್ನೂ ಮೆಟ್ಟಿಲುಗಳನ್ನು ಕಟ್ಟಿದೆ. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎಂಬುದು ಅದರ ಒಂದು ಹೊಸ ಏರ್ಪಾಡು. ರಾಜ್ಯಗಳು ಇದಕ್ಕೆ ಸಜ್ಜಾಗಲು 5 ವರ್ಷದ ಅವಕಾಶವಿದೆ. 3ರಿಂದ 7 ವರ್ಷದೊಳಗಿನದಾದರೆ ಮೇಲಧಿಕಾರಿಯ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮಿನಲ್ಲಿ ಇರುವುದು 24 ಗಂಟೆಯ ಸಾದಾ ಸಜೆ, ಇಲ್ಲವೇ 1,000 ರೂಪಾಯಿ ದಂಡ, ಇಲ್ಲವೇ ಸಮುದಾಯ ಸೇವೆ. ಕಾನೂನು ಬರೆದವರೇ ತಕ್ಕಡಿ ಹಿಡಿದು ತೂಗಿಟ್ಟಿದ್ದಾರೆ.

ಈ ತಕ್ಕಡಿಯ ವಿಚಾರದಲ್ಲಿ ನಮ್ಮವರೇ ಒಬ್ಬರು ಬಹಳ ಮುಂದೆ ಯೋಚಿಸಿದ್ದರು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟಿತು. ಕೊಲೆಗಾರನಿಗೂ ಬೀದಿಯಲ್ಲಿ ಗಲೀಜು ಮಾಡಿದವನಿಗೂ ಒಂದೇ ಯಂತ್ರ, ಒಂದೇ ಠಾಣೆ, ಒಂದೇ ಕೋರ್ಟು ಏಕೆ ಎಂಬ ಪ್ರಶ್ನೆ ಅದರೊಳಗಿತ್ತು. ಅಪರಾಧಗಳನ್ನು ನಾಲ್ಕು ಸಂಹಿತೆಗಳಾಗಿ ಒಡೆಯಬೇಕು ಎಂದು ಸಮಿತಿ ಹೇಳಿತು: ಸಮಾಜ ಕಲ್ಯಾಣದ ಅಪರಾಧಗಳು, ತಿದ್ದಿ ಸರಿಪಡಿಸಬೇಕಾದ ಅಪರಾಧಗಳು, ನಿಜವಾದ ಕ್ರಿಮಿನಲ್ ಅಪರಾಧಗಳು, ಆರ್ಥಿಕ ಮತ್ತು ಇತರ ಅಪರಾಧಗಳು. ಆ ವರದಿಯ ಕೆಲವು ಸಲಹೆಗಳು ಆರೋಪಿಯ ಹಕ್ಕಿಗೆ ಕುತ್ತು ತರುವಂಥವು ಎಂಬ ಟೀಕೆ ಬಂತು, ಅದು ಸರಿಯಾದ ಟೀಕೆಯೇ. ಆದರೆ ಆ ಗದ್ದಲದಲ್ಲಿ ಈ ವಿಂಗಡಣೆಯ ಯೋಚನೆ ಮೂಲೆಗೆ ಬಿತ್ತು. ಇಪ್ಪತ್ತು ವರ್ಷಗಳ ಮೇಲೆ ದಂಡಸಂಹಿತೆಯನ್ನೇ ಬದಲಿಸಿದಾಗಲೂ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಹಾಗಿದ್ದ ಮೇಲೆ ಪೊಲೀಸರು ಸಣ್ಣದರ ಹಿಂದೆ ಹೋಗುವುದಾದರೂ ಏಕೆ? ಪೆಟ್ಟಿ ಕೇಸಿನಲ್ಲಿ ಆರೋಪಿ ಹಿಡಿಯುವ ಮೊದಲೇ ಕೈಯಲ್ಲಿರುತ್ತಾನೆ. ಪತ್ತೆ ಹಚ್ಚುವ ಕೆಲಸವಿಲ್ಲ, ಸಾಕ್ಷಿ ತಿರುಗಿಬೀಳುವ ಭಯವಿಲ್ಲ. ಸಂಜೆ ಹಿಡಿದರೆ ರಾತ್ರಿಯೊಳಗೆ ಮುಗಿಯುತ್ತದೆ, ತಿಂಗಳ ಕೊನೆಗೆ ಪಟ್ಟಿಯಲ್ಲಿ ಒಂದು ಅಂಕಿ ಕೂಡುತ್ತದೆ. ನಮ್ಮ ಜಿಲ್ಲಾ ಪೊಲೀಸ್ ಪ್ರಕಟಣೆಗಳನ್ನು ಓದುವವರಿಗೆ 15(ಎ), 32(3) ಎಂಬ ಅಬಕಾರಿ ಕಲಮುಗಳು ಬಾಯಿಪಾಠವಾಗಿರುತ್ತವೆ: ಸಾರ್ವಜನಿಕ ಸ್ಥಳದಲ್ಲಿ ಕುಡಿಯಲು ಅವಕಾಶ ಕೊಟ್ಟ, ಇಂತಿಷ್ಟು ಟೆಟ್ರಾ ಪ್ಯಾಕ್, ಇಂತಿಷ್ಟು ಪ್ಲಾಸ್ಟಿಕ್ ಲೋಟ ವಶ. ಸೈಬರ್ ಮೋಸದ ಕಡತವೋ ಬೇರೆ ರಾಜ್ಯದ ಖಾತೆಗಳು, ಬೇರೆಯವರ ಹೆಸರಿನ ಸಿಮ್ಮುಗಳು, ಬ್ಯಾಂಕಿಗೆ ಬರೆದ ಪತ್ರಗಳು, ಉತ್ತರ ಬಾರದ ನೆನಪೋಲೆಗಳು ಅಂತ ಬೆಳೆಯುತ್ತಲೇ ಹೋಗುತ್ತದೆ. ಎರಡು ವರ್ಷ ದುಡಿದರೂ ಪಟ್ಟಿಯಲ್ಲಿ ಅದೂ ಒಂದೇ ಅಂಕಿ. ಎರಡಕ್ಕೂ ಒಂದೇ ಬೆಲೆ ಕಟ್ಟುವ ಪಟ್ಟಿ ಇದ್ದರೆ ಮನುಷ್ಯರು ಸುಲಭದ್ದನ್ನೇ ಆರಿಸಿಕೊಳ್ಳುತ್ತಾರೆ. ಇದು ಪೊಲೀಸರಿಗೆ ಮಾತ್ರ ಅಂಟಿದ ಗುಣವಲ್ಲ.

ಜೊತೆಗೆ ಕೈಗಳೇ ಕಡಿಮೆ. ದೇಶದಲ್ಲಿ ಮಂಜೂರಾದ ಪೊಲೀಸ್ ಹುದ್ದೆಗಳಲ್ಲಿ ಸುಮಾರು ಐದನೇ ಒಂದು ಭಾಗ ಖಾಲಿ ಬಿದ್ದಿದೆ. ಇರುವವರಲ್ಲಿ ಜಾತ್ರೆಗೆ, ರ್‍ಯಾಲಿಗೆ, ಮಂತ್ರಿಗಳ ಪ್ರವಾಸಕ್ಕೆ, ಸಮನ್ಸ್ ಜಾರಿಗೆ, ಆರೋಪಿಯನ್ನು ಕೋರ್ಟಿಗೆ ಕರೆದೊಯ್ಯಲಿಕ್ಕೆ ಹೋಗುವವರನ್ನು ಕಳೆದರೆ ತನಿಖೆಗೆ ಉಳಿಯುವವರು ಎಷ್ಟು ಜನ ಎಂಬುದನ್ನು ಯಾವ ಠಾಣಾಧಿಕಾರಿಯನ್ನು ಕೇಳಿದರೂ ಬೆರಳಲ್ಲಿ ಎಣಿಸಿ ಹೇಳುತ್ತಾರೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ, ತನಿಖೆ ಮಾಡುವ ಪೊಲೀಸರನ್ನು ಕಾನೂನು ಸುವ್ಯವಸ್ಥೆಯ ಪೊಲೀಸರಿಂದ ಬೇರ್ಪಡಿಸಿ ಎಂದು ನಿರ್ದೇಶನ ಕೊಟ್ಟಿತು. ಕೆಲವು ಠಾಣೆಗಳಲ್ಲಿ ಕ್ರೈಂ ಪಿಎಸ್‌ಐ ಎಂಬ ಬೋರ್ಡು ಬಂತು. ಹಬ್ಬದ ಬಂದೋಬಸ್ತು ಬಂದಾಗ ಆ ಬೋರ್ಡಿನ ಹಿಂದಿನ ಮನುಷ್ಯನೂ ಲಾಠಿ ಹಿಡಿದು ಬೀದಿಯಲ್ಲೇ ನಿಂತಿರುತ್ತಾನೆ.

ಗಂಭೀರ ಅಪರಾಧಕ್ಕೆ ಬೇಕಾದಷ್ಟು ಹೊತ್ತು ಮತ್ತು ಜನ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ತನಿಖೆ ಸಿಐಡಿಗೆ ಹೋಯಿತು, ಎರಡು ವರ್ಷ ಕಳೆದರೂ ದಾರಿ ಕಾಣಲಿಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಆಗ ರಚನೆಯಾದ ವಿಶೇಷ ತನಿಖಾ ತಂಡಕ್ಕೆ ಅದೊಂದೇ ಕೆಲಸ. ಸಿಸಿಟಿವಿಯಲ್ಲಿ ಮಸುಕಾಗಿ ಕಂಡ ಒಂದು ಬೈಕು, ಗುಂಡಿನ ಮೇಲಿನ ಗೀರುಗಳು, ಡೈರಿಯೊಂದರ ಸಂಕೇತಗಳು, ಫೋನ್ ಕರೆಗಳು, ಹೀಗೆ ಒಂದೊಂದೇ ಎಳೆ ಬಿಡಿಸುತ್ತ 2018ರ ನವೆಂಬರ್ ಹೊತ್ತಿಗೆ 9,000ಕ್ಕೂ ಹೆಚ್ಚು ಪುಟಗಳ ಹೆಚ್ಚುವರಿ ದೋಷಾರೋಪ ಪಟ್ಟಿಯನ್ನು ತಂಡ ಸಲ್ಲಿಸಿತು. ಎರಡೂ ಕೊಲೆಗಳ ನಡುವೆ ಸಂಬಂಧ ಕಂಡಿದ್ದರಿಂದ ಕಲಬುರ್ಗಿ ಪ್ರಕರಣವನ್ನೂ 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದೇ ತಂಡಕ್ಕೆ ಒಪ್ಪಿಸಿತು. ಆರೋಪಗಳ ಸತ್ಯಾಸತ್ಯವನ್ನು ಕೋರ್ಟು ಹೇಳಬೇಕು. ನಾನು ಹೇಳುತ್ತಿರುವುದು ತಂಡದ ಪೊಲೀಸರ ವಿಚಾರ. ಅವರೇನೂ ಬೇರೆ ಲೋಕದಿಂದ ಇಳಿದು ಬಂದವರಲ್ಲ, ಇದೇ ಇಲಾಖೆಯವರು. ಅವರಿಗೆ ಸಿಕ್ಕಿದ್ದು ಬಿಡುವಾದ ಕೈ ಮತ್ತು ಬಿಡುವಾದ ತಲೆ. ಊರಿನ ಒಬ್ಬ ಕೂಲಿ ಹೆಂಗಸಿನ ಕೊಲೆಗೂ ಅದರಲ್ಲಿ ಹತ್ತರಲ್ಲೊಂದು ಪಾಲು ಗಮನ ಸಿಕ್ಕರೆ ಎಷ್ಟೋ ಮನೆಗಳ ಕಣ್ಣೀರಿಗೆ ಉತ್ತರ ಸಿಗುತ್ತಿತ್ತು.

ಇದಕ್ಕೆ ಎದುರು ನಿಲ್ಲುವ ವಾದವೊಂದು ಅಮೆರಿಕದಿಂದ ಬಂದಿದೆ, ನಮ್ಮ ಅಧಿಕಾರಿಗಳೂ ಆಗಾಗ ಅದನ್ನು ಹೇಳುತ್ತಾರೆ. 1982ರಲ್ಲಿ ಜೇಮ್ಸ್ ಕ್ಯೂ. ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಬರೆದ ಲೇಖನವೊಂದು ಒಡೆದ ಕಿಟಕಿಯ ಉಪಮೆ ಕೊಟ್ಟಿತು. ಕಟ್ಟಡದ ಒಂದು ಕಿಟಕಿ ಒಡೆದಾಗ ಸರಿಮಾಡದೆ ಬಿಟ್ಟರೆ ಇಲ್ಲಿ ಕೇಳುವವರಿಲ್ಲ ಎಂಬ ಸೂಚನೆ ಹೋಗುತ್ತದೆ, ಉಳಿದವೂ ಒಡೆಯುತ್ತವೆ. ಹಾಗೆಯೇ ಸಣ್ಣ ತಪ್ಪುಗಳನ್ನು ಸುಮ್ಮನೆ ಬಿಟ್ಟರೆ ದೊಡ್ಡವು ಬಂದು ನೆಲೆಸುತ್ತವೆ ಎಂಬುದು ತಿರುಳು. ನ್ಯೂಯಾರ್ಕ್ ನಗರ 1990ರ ದಶಕದಲ್ಲಿ ಇದನ್ನು ಕೈಗೆತ್ತಿಕೊಂಡಿತು. ಮೆಟ್ರೊದಲ್ಲಿ ಟಿಕೆಟ್ ಇಲ್ಲದೆ ನುಸುಳುವವರನ್ನು, ಬೀದಿಯಲ್ಲಿ ಕುಡಿಯುವವರನ್ನು, ಗೋಡೆ ಗೀಚುವವರನ್ನು ಹಿಡಿದರು. ಹಾಗೆ ಹಿಡಿದವರಲ್ಲಿ ಕೆಲವರ ಸೊಂಟದಲ್ಲಿ ಪಿಸ್ತೂಲು ಸಿಕ್ಕಿತು, ಕೆಲವರ ಮೇಲೆ ಹಳೆಯ ವಾರಂಟ್ ಇತ್ತು. ವರ್ಷಕ್ಕೆ 2,200 ದಾಟಿದ್ದ ಕೊಲೆಗಳು ದಶಕದ ಕೊನೆಗೆ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದವು. ಜಗತ್ತು ಬೆರಗಾಯಿತು.

ಕತೆ ಅಲ್ಲಿಗೇ ಮುಗಿದಿದ್ದರೆ ನಾನೂ ಒಪ್ಪುತ್ತಿದ್ದೆ. ಅದೇ ದಶಕದಲ್ಲಿ ಇಂಥ ನೀತಿ ಇಲ್ಲದ ಬೇರೆ ನಗರಗಳಲ್ಲೂ ಅಪರಾಧ ಇಳಿಯಿತು. ನ್ಯೂಯಾರ್ಕಿನಲ್ಲಿ ಈ ದಾರಿ ಬೆಳೆಯುತ್ತ ದಾರಿಹೋಕರನ್ನು ತಡೆದು ತಡಕುವ ಪದ್ಧತಿಯಾಯಿತು. 2011ರ ಒಂದೇ ವರ್ಷ 6.85 ಲಕ್ಷ ಸಲ ಹೀಗೆ ತಡೆದರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ತಪ್ಪೇನೂ ಸಿಗಲಿಲ್ಲ. ತಡೆಸಿಕೊಂಡವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಯುವಕರು. 2013ರಲ್ಲಿ ನ್ಯಾಯಾಲಯ ಅದನ್ನು ಸಂವಿಧಾನ ವಿರೋಧಿ ಎಂದಿತು. ಐದಾರು ವರ್ಷಗಳಲ್ಲಿ ತಡೆಯುವುದು ಹತ್ತಾರು ಸಾವಿರಕ್ಕೆ ಇಳಿದರೂ ಕೊಲೆಗಳು ಏರಲಿಲ್ಲ; 2011ರಲ್ಲಿ 515 ಇದ್ದದ್ದು 2017ರಲ್ಲಿ 300ರ ಒಳಗೆ ಬಂತು. ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. 2014ರ ಕೊನೆ ಮತ್ತು 2015ರ ಆರಂಭದ ಕೆಲವು ವಾರ ನಗರದ ಪೊಲೀಸರೇ ಮುನಿಸಿಕೊಂಡು ಸಣ್ಣ ತಪ್ಪುಗಳಿಗೆ ಚೀಟಿ ಬರೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟರು. ಆ ಅವಧಿಯಲ್ಲಿ ಗಂಭೀರ ಅಪರಾಧಗಳ ದೂರು ಕಡಿಮೆಯಾದವು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಒಂದು ನಗರದ ಕೆಲವು ವಾರಗಳಿಂದ ಸಿದ್ಧಾಂತ ಕಟ್ಟಲು ಹೋಗುವುದಿಲ್ಲ. ಆದರೆ ಖಾಲಿ ಸೈಟಿನ ಹುಡುಗರನ್ನು ಹಿಡಿದರೆ ಊರಿನ ಕೊಲೆಗಳು ನಿಲ್ಲುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಇಷ್ಟು ಹೇಳಿದ ಮೇಲೂ ದೊಡ್ಡದು ಮೊದಲು, ಸಣ್ಣದು ಆಮೇಲೆ ಎಂಬ ಸೂತ್ರವನ್ನು ನಾನು ಹಾಗೇ ಎತ್ತಿಕೊಳ್ಳಲಾರೆ. ಎರಡು ಘಟನೆಗಳು ನನ್ನನ್ನು ತಡೆಯುತ್ತವೆ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಕೂಲಿ ಹೆಂಗಸರು, ಅಜ್ಜಿಯರು. ಮದ್ಯ ನಿಷೇಧ ಅವರ ಬೇಡಿಕೆ. ಅವರ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಮನೆಯಲ್ಲಿ ಕದ್ದು ಮಾರುವ ಟೆಟ್ರಾ ಪ್ಯಾಕುಗಳ ಸಂಕಟ. ಠಾಣೆಯ ಲೆಕ್ಕದಲ್ಲಿ ಇದು ನಾಲ್ಕು ಪ್ಯಾಕ್ ವಶಪಡಿಸಿಕೊಂಡು ಮುಗಿಸುವ ಪೆಟ್ಟಿ ಕೇಸು. ಆ ತಾಯಿಗೆ ಇದು ದಿನಗೂಲಿ ಮನೆಗೆ ಬರುತ್ತದೋ ಇಲ್ಲವೋ, ರಾತ್ರಿ ಏಟು ಬೀಳುತ್ತದೋ ಇಲ್ಲವೋ, ಹದಿನಾಲ್ಕರ ಮಗ ಅಪ್ಪನ ಲೋಟಕ್ಕೆ ಕೈ ಹಾಕುತ್ತಾನೋ ಇಲ್ಲವೋ ಎಂಬ ಪ್ರಶ್ನೆ. ಕಲಮಿನ ತೂಕ ಬೇರೆ, ನೋವಿನ ತೂಕ ಬೇರೆ.

ಇನ್ನೊಂದು ಪುಣೆಯದು. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ಅದಕ್ಕೂ ಮೊದಲು ಅವನು ಗೆಳೆಯರೊಂದಿಗೆ ಕುಡಿದಿದ್ದ ಎಂಬುದು ಪೊಲೀಸರ ಆರೋಪ. ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು, ಷರತ್ತುಗಳಲ್ಲಿ ಒಂದು 300 ಪದಗಳ ಪ್ರಬಂಧ, ದೇಶವೇ ಸಿಟ್ಟಿಗೆದ್ದಿತು. ಆಮೇಲೆ ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು, ಅಪ್ರಾಪ್ತನಿಗೆ ಮದ್ಯ ಕೊಟ್ಟ ಆರೋಪದ ಮೇಲೆ ಬಾರಿನವರ ಬಂಧನವೂ ಆಯಿತು. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಬೇರೆ ಮದ್ಯಕ್ಕೆ 25 ಎಂಬ ಮಿತಿ ಇದೆ. ದೇಶದಲ್ಲೇ ಬಿಗಿಯಾದವುಗಳಲ್ಲಿ ಒಂದು. ಆ ರಾತ್ರಿ ಅದು ಯಾರನ್ನೂ ಕಾಯಲಿಲ್ಲ. ವಯಸ್ಸು ಕೇಳದೆ ಸುರಿದ ಒಂದು ಲೋಟವನ್ನು, ಲೈಸೆನ್ಸಿಲ್ಲದ ಕೈಗೆ ಕೊಟ್ಟ ಒಂದು ಕೀಲಿಯನ್ನು ಸಣ್ಣ ತಪ್ಪು ಎಂದು ಕರೆಯಲು ಆ ಎರಡು ಮನೆಗಳ ಮುಂದೆ ಯಾರಿಗೆ ಬಾಯಿ ಬಂದೀತು?

ಆದ್ದರಿಂದ ನನ್ನ ಅಳತೆಗೋಲು ಶಿಕ್ಷೆಯ ವರ್ಷಗಳದ್ದಲ್ಲ. ಈ ತಪ್ಪಿನಿಂದ ಇನ್ನೊಬ್ಬರಿಗೆ ಏನಾಗುತ್ತದೆ, ಇದನ್ನು ಎಲ್ಲಿ ತಡೆದರೆ ಅತಿ ಹೆಚ್ಚು ಹಾನಿ ತಪ್ಪುತ್ತದೆ ಎಂಬೆರಡನ್ನೇ ನಾನು ಕೇಳುವುದು. ಹೀಗೆ ಅಳೆದರೆ ಹುಡುಗರ ಕುಡಿತ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಸಂಗತಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕೆರೆ ಏರಿಯ ಮೇಲೆ ಕೂತು ಬಿಯರ್ ಕುಡಿದ ಹುಡುಗ ತನಗೇ ಕೇಡು ಮಾಡಿಕೊಳ್ಳುತ್ತಿದ್ದಾನೆ. ಅವನಿಗೆ ಅಪ್ಪ ಅಮ್ಮ ಬೇಕು, ಮೇಷ್ಟ್ರು ಬೇಕು, ಚಟವಾಗಿದ್ದರೆ ವೈದ್ಯರು ಬೇಕು. ಅದೇ ಹುಡುಗ ಬೈಕ್ ಹತ್ತಿದ ಕ್ಷಣ ವಿಷಯ ಪೂರ್ತಿ ಬೇರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮು ಅಪ್ರಾಪ್ತ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ ವಿಧಿಸುತ್ತದೆ, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಲ್ಲಿ ಪೊಲೀಸರು ರಾತ್ರಿಯಿಡೀ ನಿಂತರೂ ಅದು ವ್ಯರ್ಥವಲ್ಲ. ಮಾರುವವನೋ ಇವರೆಲ್ಲರಿಗಿಂತ ಮೇಲಿನ ತುದಿಯಲ್ಲಿ ನಿಂತಿದ್ದಾನೆ. ಒಂದು ಕೌಂಟರಿನಲ್ಲಿ ನಿಂತರೆ ನೂರು ಹುಡುಗರನ್ನು ಅಟ್ಟಿಸಿಕೊಂಡು ಹೋಗುವ ಶ್ರಮ ಉಳಿಯುತ್ತದೆ.

ಮತ್ತೆ, ಕೌಂಟರಿನಲ್ಲಿ ನಿಲ್ಲಬೇಕಾದವರು ಮೊದಲು ಪೊಲೀಸರೇ ಅಲ್ಲ. ಅದಕ್ಕೆಂದೇ ಅಬಕಾರಿ ಇಲಾಖೆ ಇದೆ, ಅದಕ್ಕೆ ಇನ್‌ಸ್ಪೆಕ್ಟರುಗಳಿದ್ದಾರೆ, ಸನ್ನದು ಅಮಾನತು ಮಾಡುವ ಅಧಿಕಾರವಿದೆ. ಸಿಎಲ್-2 ಅಂಗಡಿಯಿರಲಿ, ಸಿಎಲ್-9 ಬಾರಿರಲಿ, ಅಲ್ಲಿ ಮಾರಾಟವಾಗುವ ಮದ್ಯವೆಲ್ಲ ಸರ್ಕಾರದ್ದೇ ಆದ ಪಾನೀಯ ನಿಗಮದ ಡಿಪೊದಿಂದ ಬರುತ್ತದೆ. ಯಾವ ಅಂಗಡಿಗೆ ಎಷ್ಟು ಪೆಟ್ಟಿಗೆ ಹೋಯಿತು ಎಂಬ ಲೆಕ್ಕ ಸರ್ಕಾರದ ಕೈಯಲ್ಲೇ ಇದೆ. ತೊಡಕು ಇರುವುದು ಗುರಿಯಲ್ಲಿ. 2025-26ರ ಬಜೆಟ್ಟಿನಲ್ಲಿ ಇಲಾಖೆಗೆ ನಿಗದಿಯಾದ ವರಮಾನದ ಗುರಿ 40,000 ಕೋಟಿ ರೂಪಾಯಿ. ಹೆಚ್ಚು ಮಾರಿಸಿ ಎಂದು ಗುರಿ ಕೊಟ್ಟ ಇಲಾಖೆಯಿಂದಲೇ ಇವನಿಗೆ ಮಾರಬೇಡಿ ಎಂಬ ಕಾವಲನ್ನೂ ನಿರೀಕ್ಷಿಸುತ್ತೇವೆ. ವಯಸ್ಸಿನ ಗುರುತು ಕೇಳದೆ ಮಾರಿದ ಅಂಗಡಿಗೆ ಒಂದು ವಾರ ಬೀಗ ಬೀಳುತ್ತದೆ ಎಂದಾದರೆ ಮಾಲೀಕನೇ ಗಲ್ಲಾದಲ್ಲಿ ಕೂತು ಆಧಾರ್ ಕಾರ್ಡ್ ನೋಡುತ್ತಾನೆ. ಆ ಬೀಗ ಬೀಳುವುದನ್ನು ನಾವು ಎಷ್ಟು ಸಲ ಕಂಡಿದ್ದೇವೆ?

ಒಂದು ಅಪಾಯವನ್ನು ಮರೆಮಾಚಬಾರದು. ಆದ್ಯತೆ ಎಂಬ ಮಾತು ಠಾಣೆಯ ಬಾಗಿಲಲ್ಲಿ ಬಡವರನ್ನು ಹಿಂದಕ್ಕೆ ಕಳಿಸುವ ನೆಪವಾಗಬಹುದು. ಗಾರೆ ಕೆಲಸದವನ ಸೈಕಲ್ ಕಳುವಾದರೆ, ಮನೆಗೆಲಸದವಳ ಮೊಬೈಲ್ ಹೋದರೆ, ನಮಗೆ ದೊಡ್ಡ ಕೇಸುಗಳಿವೆ ಎಂದು ಹೇಳಿಬಿಡುವುದು ಸುಲಭ. ಆ ಸೈಕಲ್ ಅವನ ಅನ್ನ. ಕಾಣೆಯಾದ ಮಗಳ ತಾಯಿಗೆ, ಯಾರ ಜೊತೆಗೋ ಹೋಗಿರಬೇಕು, ಎರಡು ದಿನ ನೋಡಿ ಎಂದು ಹೇಳುವುದೂ ಒಂದು ರೀತಿಯ ಆದ್ಯತೆಯೇ, ಅತ್ಯಂತ ಕ್ರೂರವಾದದ್ದು. ಮಕ್ಕಳು ಕಾಣೆಯಾದರೆ ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ಕೂಡಲೇ ಎಫ್‌ಐಆರ್ ದಾಖಲಿಸಿ ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಹೇಳಬೇಕಾಗಿ ಬಂದದ್ದು ಇದರಿಂದಲೇ. ಅದೇ ವರ್ಷ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದ ತೀರ್ಪು, ತನಿಖೆಗೆ ಅರ್ಹವಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದಿತು. ದೂರು ಎಲ್ಲರದೂ ದಾಖಲಾಗಲೇಬೇಕು, ಅದರಲ್ಲಿ ಮೊದಲು ಕೊನೆ ಎಂಬುದಿಲ್ಲ. ತನಿಖೆಯ ಶ್ರಮವನ್ನು ಎಲ್ಲಿ ಎಷ್ಟು ಸುರಿಯಬೇಕು ಎಂಬಲ್ಲಿ ಮಾತ್ರ ಆದ್ಯತೆ ಬರುತ್ತದೆ, ಅದೂ ಬರೆದಿಟ್ಟ, ಜನರಿಗೆ ಗೊತ್ತಿರುವ ಆದ್ಯತೆ. ಬರೆದಿಡದ ಆದ್ಯತೆಗೆ ನಮ್ಮ ಊರುಗಳಲ್ಲಿ ಮಾಮೂಲಿ ಎಂಬ ಹೆಸರಿದೆ. ಹಿಡಿಯುವುದೂ ಬಿಡುವುದೂ ಆ ಹೊತ್ತಿನ ಅಧಿಕಾರಿಯ ಮರ್ಜಿಗೆ ಬಿಟ್ಟರೆ ಸಿಕ್ಕಿಬೀಳುವವನು ಖಾಲಿ ಸೈಟಿನಲ್ಲಿ ಕೂತ ಹುಡುಗ. ಕ್ಲಬ್ಬಿನಲ್ಲೋ ಫಾರ್ಮ್‌ಹೌಸಿನಲ್ಲೋ ಕೂತ ಅವನದೇ ವಯಸ್ಸಿನ ಹುಡುಗ ಸಿಗುವುದಿಲ್ಲ.

ಪ್ರತಿ ಠಾಣೆಯೂ ವರ್ಷದ ಆರಂಭದಲ್ಲಿ ತನ್ನ ವ್ಯಾಪ್ತಿಯ ಜನರನ್ನು ಕರೆದು ಕೂರಿಸಿ ನಿಮಗೆ ಯಾವುದು ಹೆಚ್ಚು ನೋಯುತ್ತಿದೆ ಎಂದು ಕೇಳಲಿ ಎಂಬುದು ನನ್ನ ಆಸೆ. ಸಿರಗುಪ್ಪದ ಹಳ್ಳಿಯ ಹೆಂಗಸರು ಕದ್ದು ಮಾರುವ ಅಂಗಡಿ ಎಂದಾರು, ಬೆಂಗಳೂರಿನ ಅಪಾರ್ಟ್‌ಮೆಂಟಿನ ಹಿರಿಯರು ಫೋನಿನ ಮೋಸ ಎಂದಾರು, ಹೆದ್ದಾರಿ ಪಕ್ಕದ ಊರಿನವರು ರಾತ್ರಿ ಲಾರಿಗಳ ಅಡ್ಡಾದಿಡ್ಡಿ ಓಟ ಎಂದಾರು. ಅದನ್ನು ಠಾಣೆಯ ಗೋಡೆಗೆ ಬರೆದು ತೂಗುಹಾಕಲಿ. ತಿಂಗಳ ಪಟ್ಟಿಯಲ್ಲಿ ಪೆಟ್ಟಿ ಕೇಸುಗಳ ಎಣಿಕೆಯ ಬದಲು ಆ ಗೋಡೆಯ ಮೇಲಿನ ಸಾಲುಗಳಿಗೆ ಏನು ಮಾಡಿದಿರಿ ಎಂದು ಮೇಲಧಿಕಾರಿ ಕೇಳಲಿ.

ಆ ಸಂಜೆಗೆ ಮರಳುತ್ತೇನೆ. ಒಂಬತ್ತೂವರೆಗೆ ಹುಡುಗರ ಮನೆಯವರು ಬಂದರು. ಒಬ್ಬ ತಂದೆ ಮಗನ ಕೆನ್ನೆಗೆ ಬಾರಿಸಿದರು, ಒಬ್ಬ ತಾಯಿ ಸೆರಗು ಬಾಯಿಗೊತ್ತಿ ಅತ್ತರು. ಬರೆಸಿಕೊಳ್ಳಬೇಕಾದ್ದನ್ನು ಬರೆಸಿಕೊಂಡು ಕಳಿಸಿದರು. ಅದಾದ ಮೇಲೆ ಮೇಷ್ಟ್ರ ಸರದಿ ಬಂತು. ಅವರು ಬೆರಳು ನಡುಗುತ್ತ ಪಾಸ್‌ಬುಕ್ ತೆರೆದು ಮೇಜಿನ ಮೇಲೆ ಇಟ್ಟರು. ಅಲ್ಲಿ ಇನ್ನೂ ಹುಡುಗರ ಜೊತೆ ಹಿಡಿದು ತಂದಿದ್ದ ಕಪ್ಪು ಕವರು ಬಿದ್ದಿತ್ತು, ಒಳಗೆ ಎರಡು ಖಾಲಿ ಬಾಟಲಿ. ರೈಟರ್ ಅದನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು. ನಾನು ಮೊದಲಿಂದ ಕೊನೆಯವರೆಗೆ ಅಲ್ಲೇ ಕೂತಿದ್ದೆ. ಆ ಎರಡು ಗಂಟೆಯಲ್ಲಿ ಹುಡುಗರನ್ನು ಅವರ ಹೆಸರು, ಓದು, ಜಾತಿ, ಅಪ್ಪನ ಕೆಲಸ ಎಲ್ಲ ಕೇಳಿದರು. ಇದನ್ನು ಯಾವ ಅಂಗಡಿಯಿಂದ ತಂದಿರಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.